ಎಲ್ಲರೂ ‘ಚೆನ್ನಾಗಿದೆ’ ಎನ್ನುವ ಕೂಟದಲ್ಲಿ ಭಾಮಿನಿ ಕಲಿಯುವುದು ಹೇಗೆ?

ಎಳೆಬಿಸಿಲು (ಹಾಸನ)

ನಾವು ಒಂಬತ್ತು ಜನ ಹದಿನೈದು ದಿನಕ್ಕೊಮ್ಮೆ ಭಾನುವಾರ ಸೇರುತ್ತೇವೆ. ಬಿಸಿಲು ಇಳಿದಿದ್ದರೆ ಮಹಾರಾಜ ಪಾರ್ಕಿನಲ್ಲಿ, ಇಲ್ಲವಾದರೆ ಯಾರಾದರೊಬ್ಬರ ಮನೆಯ ಜಗುಲಿಯಲ್ಲಿ. ತಿಂಗಳಿಗೊಂದು ಛಂದಸ್ಸು ಹಿಡಿದು ಅದರಲ್ಲೇ ಬರೆಯುವುದು ಪದ್ಧತಿ. ತ್ರಿಪದಿ ಆಯಿತು, ರಗಳೆ ಆಯಿತು, ಈಗ ಆರು ಸಾಲಿನ ಭಾಮಿನಿ ಷಟ್ಪದಿ ನಡೆಯುತ್ತಿದೆ. ಮೊದಲ ದಿನವೇ ಒಂದು ನಿಯಮ ಮಾಡಿಕೊಂಡಿದ್ದೆವು: ಯಾರ ಮನಸ್ಸನ್ನೂ ನೋಯಿಸಬಾರದು.

ಕಳೆದ ಭಾನುವಾರ ನಾನು ಇದನ್ನು ಓದಿದೆ:

ಮಳೆಯು ಬಂದಿತು ನಿನ್ನೆ ಸಂಜೆಗೆ
ಇಳೆಯ ಧೂಳಿನ ಮೈಯ ತೊಳೆಯಿತು
ಬಿಳಿಯ ಹೂಗಳ ಮುಡಿದು ನಿಂತಿತು ಕಾಫಿ ತೋಟ
ಸುಳಿವ ಗಾಳಿಯ ತುಂಬ ಕಂಪಿದೆ
ಹಾಡಿ ಜೇನಿನ ಹಿಂಡು ಬಂದಿದೆ
ಕಳೆದ ವರುಷದ ಸಾಲ ಮರೆಯುತ ನಗುವನಪ್ಪನು ತಾ

ಚಪ್ಪಾಳೆ ಬಿತ್ತು. ಒಬ್ಬರು ಕಣ್ಣೊರೆಸಿಕೊಂಡರು. ಇನ್ನೊಬ್ಬರು ಇದನ್ನು ಚೌಕಟ್ಟು ಹಾಕಿಸಿ ಅಪ್ಪನಿಗೆ ಕೊಡಿ ಎಂದರು. ಮನೆಗೆ ಬಂದು ರಾತ್ರಿ ಪ್ರಸ್ತಾರ ಹಾಕಿ, ಗಿಡ್ಡ ಅಕ್ಷರಕ್ಕೆ (ಲಘು) ಒಂದು, ಎಳೆದು ಅಥವಾ ಒತ್ತಿ ಹೇಳುವ ಅಕ್ಷರಕ್ಕೆ (ಗುರು) ಎರಡು ಮಾತ್ರೆಯಂತೆ ಎಣಿಸಿ ನೋಡಿದರೆ ಮೂರನೆಯ ಸಾಲಿನಲ್ಲಿ 23 ಮಾತ್ರೆಗೆ ಬದಲು 20 ಇದೆ. ಒಂಬತ್ತು ಜನ, ಹದಿನೆಂಟು ಕಿವಿ, ಯಾರಿಗೂ ಕೇಳಿಸಲಿಲ್ಲವೇ? ಅಥವಾ ಕೇಳಿಸಿಯೂ ಸುಮ್ಮನಿದ್ದರೇ? ಎರಡನೆಯದಾಗಿದ್ದರೆ ನನಗೆ ಹೆಚ್ಚು ಬೇಸರ. ಹೇಗೆ ಹೇಳಲಿ ಅವರಿಗೆ, ತಪ್ಪಿದ್ದರೆ ತಪ್ಪು ಎನ್ನಿ ಎಂದು?

ಗುರುಲಘು

ಮೂರು ಮಾತ್ರೆ ಮಾತ್ರವಲ್ಲ. ಐದನೆಯ ಸಾಲಿನಲ್ಲಿ ಆದಿಪ್ರಾಸವೂ (ಸಾಲುಗಳ ಎರಡನೆಯ ವ್ಯಂಜನ ಒಂದೇ ಇರುವುದು) ಹೋಗಿದೆ. ಮಳೆ, ಇಳೆ, ಬಿಳಿ, ಸುಳಿ, ಕಳೆ ಎಂದು ಐದು ಕಡೆ ಳಕಾರ ಹಿಡಿದು ಬಂದವರು ‘ಹಾಡಿ’ ಎಂದು ಏಕೆ ಜಾರಿದಿರಿ? ಮೊದಲಕ್ಷರವೂ ಉಳಿದೆಡೆ ಲಘು, ಇಲ್ಲಿ ಗುರು.

ಎಳೆಬಿಸಿಲು

ಅದು ನನಗೆ ಈಗ ಗೊತ್ತಾಯಿತು. ಧನ್ಯವಾದ, ಮತ್ತು ಸ್ವಲ್ಪ ಕೋಪ.

ಮೂಡಿಗೆರೆ ಮಂಜು

ಹೊಸಬನ ಪ್ರಶ್ನೆ. 23 ಹೇಗೆ ಬಂತು?

ಗುರುಲಘು

ಭಾಮಿನಿಯಲ್ಲಿ 1, 2, 4, 5ನೆಯ ಸಾಲುಗಳಿಗೆ 3+4+3+4, ಅಂದರೆ 14 ಮಾತ್ರೆ. 3 ಮತ್ತು 6ನೆಯ ಸಾಲುಗಳಿಗೆ 3+4 ಮೂರು ಸಲ, ಕೊನೆಗೊಂದು ಗುರು. 21ಕ್ಕೆ 2 ಸೇರಿಸಿ. ಒಟ್ಟು ಪದ್ಯಕ್ಕೆ 102. ಇವರ ಮೂರನೆಯ ಸಾಲು ‘ಕಾಫಿ ತೋಟ’ ಎಂದು 3+3ಕ್ಕೆ ನಿಂತುಬಿಟ್ಟಿದೆ. ನಾಲ್ಕರ ಗಣಕ್ಕೆ, ಅಂದರೆ ನಾಲ್ಕು ಮಾತ್ರೆಯ ಗುಂಪಿಗೆ, ಒಂದು ಮಾತ್ರೆ ಸಾಲದು, ಕೊನೆಯ ಗುರು ಬಂದೇ ಇಲ್ಲ.

ಗಮಕಪ್ರಿಯೆ

ಕಾಗದದಲ್ಲಿ ಎಣಿಸಬೇಡಿ ಸ್ವಾಮಿ, ತೊಡೆಯ ಮೇಲೆ ತಟ್ಟಿ. ತಕಿಟ ತಕದಿಮಿ, ತಕಿಟ ತಕದಿಮಿ. ಏಳರ ನಡೆ, ಮಿಶ್ರ ಚಾಪುವಿಗೆ ಹೇಳಿ ಮಾಡಿಸಿದ್ದು. ನಮ್ಮ ಮನೆಯಲ್ಲಿ ಅಜ್ಜ ಗದುಗಿನ ಭಾರತ ಓದುವಾಗ ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅಜ್ಜನ ಕಣ್ಣು ಮಂಜಾಗಿ ಒಂದು ಪದ ಬಿಟ್ಟರೆ ಮೊರದ ಸದ್ದು ನಿಂತುಬಿಡುತ್ತಿತ್ತು. ಅಜ್ಜಿ ತಪ್ಪು ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕಂಡಿಲ್ಲ. ಮೊರ ನಿಲ್ಲುತ್ತಿತ್ತು, ಅಜ್ಜ ಹಿಂದಕ್ಕೆ ಹೋಗಿ ಮತ್ತೆ ಓದುತ್ತಿದ್ದ.

ನಿಮ್ಮ ಪದ್ಯವನ್ನು ಈಗ ಜೋರಾಗಿ ಹಾಡಿದೆ. ‘ಕಾಫಿ ತೋಟ’ ಬಂದಾಗ ಮೆಟ್ಟಿಲು ಇದೆ ಎಂದುಕೊಂಡು ಕಾಲಿಟ್ಟು ನೆಲ ಸಿಕ್ಕಂತಾಯಿತು.

ಮುಕ್ತಛಂದ

ಕ್ಷಮಿಸಿ, ಇದೆಲ್ಲ ಏತಕ್ಕೆ? ಅಪ್ಪ, ಸಾಲ, ಕಾಫಿ ಹೂ. ಕವಿತೆ ಅಲ್ಲೇ ಇದೆ. ಅದನ್ನು ಆರು ಸಾಲಿನ ಬೋನಿನಲ್ಲಿ ತುಂಬಿ ಮೂರು ಮಾತ್ರೆ ಕಡಿಮೆಯಾಯಿತು ಎಂದು ಅಳುವುದು ತಮಾಷೆಯಾಗಿದೆ. ಹತ್ತನೆಯ ತರಗತಿಯಲ್ಲಿ ಅಂಕಕ್ಕಾಗಿ ಪ್ರಸ್ತಾರ ಹಾಕಿದ್ದು ಸಾಲದೇ?

ನಿವೃತ್ತ ಮೇಷ್ಟರು

ಆ ಅಂಕ ಕೊಟ್ಟವನು ನಾನೇ ಇರಬಹುದು, ಆದ್ದರಿಂದ ಉತ್ತರಿಸುತ್ತೇನೆ. ಮುವ್ವತ್ತೊಂದು ವರ್ಷ ಗಣಗಳ ಸೂತ್ರ ‘ಯಮಾತಾರಾಜಭಾನಸಲಗಂ’ ಬಾಯಿಪಾಠ ಮಾಡಿಸಿದೆ. ಒಬ್ಬ ಹುಡುಗನಿಗೂ ಒಂದು ಪದ್ಯ ಬರೆಯಿರಿ ಎಂದು ಹೇಳಲಿಲ್ಲ. ಈಜುಕೊಳದ ಉದ್ದ ಅಗಲ ಅಳೆಸಿ ಮನೆಗೆ ಕಳುಹಿಸಿದಂತೆ. ಈ ಮಹಿಳೆ ನೀರಿಗೆ ಇಳಿದಿದ್ದಾರೆ. ಅವರನ್ನು ದಡದಲ್ಲಿ ಕುಳಿತು ಗೇಲಿ ಮಾಡಬೇಡಿ.

ಇನ್ನು, ಬೋನು ಎಂದಿರಿ. ಕುವೆಂಪು ಅವರು ಶ್ರೀ ರಾಮಾಯಣ ದರ್ಶನಂಗಾಗಿ ಸರಳ ರಗಳೆಯನ್ನು ಹಿಗ್ಗಿಸಿ ತಮ್ಮದೇ ಮಹಾಛಂದಸ್ಸನ್ನು ಕಟ್ಟಿಕೊಂಡರಲ್ಲ, ರಗಳೆಯ ಲೆಕ್ಕವೇ ಗೊತ್ತಿಲ್ಲದೆ ಅದು ಆಗುತ್ತಿತ್ತೇ?

ಕಡೂರು ಎಕ್ಸ್‌ಪ್ರೆಸ್

ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಅಂದರೆ ನಮ್ಮ ಜಿಲ್ಲೆ. ಕುಪ್ಪಳಿ ಎಂದು ಶಿವಮೊಗ್ಗದವರು ಬರುವ ಮೊದಲೇ ದಾಖಲಿಸುತ್ತಿದ್ದೇನೆ.

ಹೇಮಾವತಿ ದಂಡೆ

ನಾನು ಇದೇ ಕೂಟದವಳು. ಕಣ್ಣೊರೆಸಿಕೊಂಡವಳು ನಾನೇ. ಹೆಸರು ಹಾಕದೆ ಬರೆದಿದ್ದಾರೆ, ಆದರೂ ಪದ್ಯ ನೋಡಿದ ಮೇಲೆ ಯಾರೆಂದು ತಿಳಿಯದಿರುವಷ್ಟು ದಡ್ಡಿಯಲ್ಲ.

ನನಗೆ ಕೇಳಿಸಿತ್ತು. ಮೂರನೆಯ ಸಾಲು ಕುಂಟಿದ್ದು ಕೇಳಿಸಿತ್ತು. ಹೇಳಲಿಲ್ಲ. ಕಾರಣ ಬರೆಯುತ್ತೇನೆ. ಹನ್ನೊಂದು ವರ್ಷದ ಹಿಂದೆ ಬೇರೊಂದು ಊರಿನಲ್ಲಿ ಇಂಥದ್ದೇ ಒಂದು ಕಮ್ಮಟಕ್ಕೆ ಹೋಗಿದ್ದೆ. ಕಂದ ಪದ್ಯ ಬರೆದುಕೊಂಡು ಹೋಗಿದ್ದೆ. ನಡೆಸುತ್ತಿದ್ದವರು ಮೊದಲ ಸಾಲು ಓದಿ, ಕಾಗದವನ್ನು ತಲೆಕೆಳಗಾಗಿ ಹಿಡಿದು, ‘ಹೀಗೆ ಓದಿದರೂ ಅಷ್ಟೇ’ ಎಂದರು. ನಲವತ್ತು ಜನ ನಕ್ಕರು. ಕಂದದಲ್ಲಿ ಬೆಸ ಗಣಗಳಲ್ಲಿ ಜಗಣ (ಲಘು, ಗುರು, ಲಘು) ಬರಬಾರದು, ನಾನು ತಂದಿದ್ದೆ, ಅದೇ ನನ್ನ ತಪ್ಪಾಗಿತ್ತು, ಅದನ್ನು ಅವರು ಹೇಳಲೇ ಇಲ್ಲ. ಅದನ್ನು ನಾನು ತಿಳಿದದ್ದು ಮೊನ್ನೆ ಮೊನ್ನೆ, ಇದೇ ಕೂಟದಲ್ಲಿ. ಅಷ್ಟು ವರ್ಷ ಒಂದು ಸಾಲು ಬರೆದಿರಲಿಲ್ಲ.

ಹಾಗಾಗಿ ನಾನು ಬಾಯಿ ಮುಚ್ಚಿಕೊಂಡಿದ್ದು ಸುಳ್ಳು ಹೊಗಳಿಕೆಯಿಂದಲ್ಲ, ಹೆದರಿಕೆಯಿಂದ. ಕಣ್ಣೀರು ಮಾತ್ರ ನಿಜ. ಅದು ಆರನೆಯ ಸಾಲಿಗೆ.

ಎಳೆಬಿಸಿಲು

ಅಕ್ಕಾ, ನೀವು ಎಂದು ಗೊತ್ತಿದ್ದರೆ ಇಲ್ಲಿ ಬರೆಯುತ್ತಲೇ ಇರಲಿಲ್ಲ. ಕರೆ ಮಾಡುತ್ತೇನೆ.

ಸುಮ್ಮನೆ ಓದುವವಳು

ಕರೆ ಮಾಡಿ, ಆದರೆ ಇಲ್ಲಿ ನಿಲ್ಲಿಸಬೇಡಿ. ಚೆನ್ನಾಗಿ ನಡೆಯುತ್ತಿದೆ.

ಗುರುಲಘು

ಕಂದದ ಮಾತು ಬಂದದ್ದರಿಂದ: ಬೆಸ ಗಣದಲ್ಲಿ ಜಗಣ ಬರಬಾರದು ಎಂಬುದು ಅರ್ಧ. ಆರನೆಯ ಗಣ ಜಗಣವೇ ಆಗಿರಬೇಕು, ಇಲ್ಲವೇ ನಾಲ್ಕೂ ಲಘು ಇರಬೇಕು. ಬೆಸದಲ್ಲಿ ಬೇಡ, ಇಲ್ಲಿ ಇವೆರಡರಲ್ಲಿ ಒಂದು ಬೇಕೇ ಬೇಕು. ಒಟ್ಟು 64 ಮಾತ್ರೆಯ ಪುಟ್ಟ ಪದ್ಯಕ್ಕೆ ಇಷ್ಟು ಹಠ.

ಭಾಮಿನಿಯಲ್ಲೂ ನಾಲ್ಕು ಮಾತ್ರೆ ಇದೆ ಎಂದು ‘ವಸಂತ’ ತಂದು ಕೂರಿಸಿದರೆ ಓಟ ಕೆಡುತ್ತದೆ. ಲಘು, ಗುರು, ಲಘು. ನಡುವೆ ಗುಡ್ಡ.

ಮೂಡಿಗೆರೆ ಮಂಜು

ಹಾಗಾದರೆ ‘ಹಾಸನ’ ಕೂರುತ್ತದೆ. ಗುರು, ಲಘು, ಲಘು. ಸರಿಯೇ?

ಗುರುಲಘು

ಅಚ್ಚುಕಟ್ಟಾಗಿ. ಬೇಲೂರು, ಆಲೂರು, ಶೃಂಗೇರಿ ಐದೈದು ಮಾತ್ರೆ, ಅವರೆಲ್ಲ ಐದರ ಗಣದ ವಾರ್ಧಕ ಷಟ್ಪದಿಗೆ ಹೋಗಲಿ. ನಿಮ್ಮ ಮೂಡಿಗೆರೆಯೂ ಐದೇ.

ನಿವೃತ್ತ ಮೇಷ್ಟರು

ಸಕಲೇ|ಶಪುರ. ನಾಲ್ಕು, ಮೂರು. ಭಾಮಿನಿಯನ್ನು ಹಿಂದುಮುಂದಾಗಿ ತೊಟ್ಟುಕೊಂಡ ಊರು. ಚಿಕ್ಕ|ಮಗಳೂ|ರು ಎಂದರೆ ಮೂರು, ನಾಲ್ಕು ಸರಿಯಾಗಿ ಬಂದು ಕೊನೆಯಲ್ಲಿ ಒಂದು ಲಘು ಬಸ್ಸಿನ ಬಾಗಿಲಲ್ಲಿ ನೇತಾಡುತ್ತದೆ.

ಕಡೂರು ಎಕ್ಸ್‌ಪ್ರೆಸ್

ಒಂದು ನಿಮಿಷ. ಕಡೂರು? ಲಘು, ಗುರು, ಲಘು. ನಮ್ಮೂರೇ ಜಗಣವೇ?

ಗುರುಲಘು

ಶುದ್ಧ ಜಗಣ.

ಕಡೂರು ಎಕ್ಸ್‌ಪ್ರೆಸ್

ಅನ್ಯಾಯ! ಜೈಮಿನಿ ಭಾರತ ಬರೆದ ಲಕ್ಷ್ಮೀಶ ನಮ್ಮ ತಾಲ್ಲೂಕಿನ ದೇವನೂರಿನವನು. ಷಟ್ಪದಿಯ ಸಭೆಯಲ್ಲಿ ಕಡೂರಿಗೆ ಕುರ್ಚಿ ಇಲ್ಲ ಎಂದರೆ ಹೇಗೆ?

ಗಮಕಪ್ರಿಯೆ

ಕುರ್ಚಿ ಇದೆ, ಸ್ವಲ್ಪ ಸರಿದು ಕೂರಬೇಕು. ಹಿಂದೆ ಒಂದು ‘ಈ’ ಹಾಕಿ. ‘ಈ ಕ|ಡೂರಿನ’. ಮೂರು, ನಾಲ್ಕು. ವಸಂತಕ್ಕೂ ಅದೇ ಔಷಧ, ‘ಈ ವ|ಸಂತದ’. ಪದ ಒಡೆದು ಗಣಕ್ಕೆ ಹಂಚಿಕೊಂಡರೆ ಗುಡ್ಡ ತಾನಾಗಿ ಕರಗುತ್ತದೆ. ಮತ್ತೆ, ಲಕ್ಷ್ಮೀಶ ಬರೆದದ್ದು ವಾರ್ಧಕದಲ್ಲಿ, ಭಾಮಿನಿಯಲ್ಲಲ್ಲ. ಐದರ ನಡೆ. ಅಲ್ಲಿ ನಿಮ್ಮ ಕಡೂರು ಬೇರೆ ಕಥೆ.

ಕಡೂರು ಎಕ್ಸ್‌ಪ್ರೆಸ್

ಈ ಕಡೂರಿನ ಜನರ ಪರವಾಗಿ ವಂದನೆ. ಹಾಸನದವರಿಗೆ ಲಕ್ಷ್ಮೀಶ ಇಲ್ಲ ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಹೇಮಾವತಿ ದಂಡೆ

ನಮಗೆ ಹಲ್ಮಿಡಿ ಇದೆ.

ನಿವೃತ್ತ ಮೇಷ್ಟರು

ಸುಮಾರು 450ನೆಯ ಇಸವಿಯ ಆ ಶಾಸನದ ಕನ್ನಡ ಭಾಗ ಗದ್ಯ, ಅಮ್ಮ. ಮೊದಲಿಗೆ ಇರುವ ಶ್ಲೋಕ ಸಂಸ್ಕೃತ. ಛಂದಸ್ಸಿನ ಜಗಳಕ್ಕೆ ಅದನ್ನು ಸಾಕ್ಷಿ ಕರೆದರೆ ಕಡೂರಿನವರು ಗೆಲ್ಲುತ್ತಾರೆ.

ಸುಮ್ಮನೆ ಓದುವವಳು

ಪದ್ಯ ಎಲ್ಲಿಗೆ ಹೋಯಿತು?

ಗುರುಲಘು

ಬಂದೆ. ಮೂರನೆಯ ಸಾಲಿಗೆ: ‘ಬಿಳಿಯ ಹೂಗಳ ಮುಡಿದು ನಿಂತಿತು ಕಾಫಿ ತೋಟವಿದೋ’. 23 ಆಯಿತು.

ಗಮಕಪ್ರಿಯೆ

ಮಾತ್ರೆ ಆಯಿತು. ‘ಇದೋ’ ಯಾರಿಗೆ ತೋರಿಸುತ್ತಿದ್ದಾರೆ? ಪ್ರವಾಸಿಗರಿಗೇ? ಮೂರು ಮಾತ್ರೆಯ ಗುಂಡಿಗೆ ಜಲ್ಲಿ ಸುರಿದಿದ್ದೀರಿ. ‘ಕಾಫಿ ತೋಟದ ಮೈ’ ಎನ್ನಿ. ಅಷ್ಟೇ ಮಾತ್ರೆ, ಮತ್ತು ತೋಟಕ್ಕೊಂದು ಶರೀರ ಬರುತ್ತದೆ.

ಮೂಡಿಗೆರೆ ಮಂಜು

ಎರಡನೆಯ ಸಾಲಿನಲ್ಲಿ ಆಗಲೇ ‘ಮೈಯ ತೊಳೆಯಿತು’ ಇದೆಯಲ್ಲ? ಎರಡು ಮೈ ಆಗುವುದಿಲ್ಲವೇ?

ಗಮಕಪ್ರಿಯೆ

ಹೊಸಬ ಎಂದಿರಿ! ಹೌದು. ಅಲ್ಲಿ ‘ಮುಖವ ತೊಳೆಯಿತು’ ಎಂದು ಮಾಡಿ. ಮುಖ ಅಲ್ಲಿ, ಮೈ ಇಲ್ಲಿ.

ಗುರುಲಘು

ಒಪ್ಪಿದೆ. ‘ಇದೋ’ ಹಿಂದಕ್ಕೆ ಪಡೆದೆ. ಆದರೆ ಜಲ್ಲಿಯ ವಿಷಯಕ್ಕೆ ಬಂದರೆ ಕೊನೆಯ ಸಾಲಿನ ‘ತಾ’ ನೋಡಿ. ‘ನಗುವನಪ್ಪನು ತಾ’. ಕೊನೆಗೆ ಗುರು ಸಿಗದವರೆಲ್ಲ ಊರುವ ಕೋಲು ಅದು. ನಾನೂ ಊರಿದ್ದೇನೆ.

ಎಳೆಬಿಸಿಲು

ಅದನ್ನು ಬರೆದಾಗಲೇ ನಾಚಿಕೆಯಾಗಿತ್ತು. ‘ಕಳೆದ ವರುಷದ ಸಾಲ ಮರೆತಿದೆ ನಮ್ಮ ಅಪ್ಪನಿಗೆ’ ಎಂದರೆ? ಕೊನೆಯ ‘ಗೆ’ ಲಘು. ‘ಗೇ’ ಎಂದು ಎಳೆಯಬೇಕೇ?

ನಿವೃತ್ತ ಮೇಷ್ಟರು

ಬೇಡ. ಪಾದದ ಕೊನೆಯ ಲಘುವನ್ನು ಗುರು ಎಂದೇ ಎಣಿಸುವ ರೂಢಿ ಇದೆ. ಹಾಡುವಾಗ ತಾನೇ ಎಳೆಯುತ್ತದೆ.

ಮುಕ್ತಛಂದ

ನಿಜ ಹೇಳಲೇ? ಬೋನು ಎಂದವನು ನಾನೇ. ಆದರೆ ‘ನಗುವನಪ್ಪನು ತಾ’ ಎಂಬುದಕ್ಕಿಂತ ‘ಸಾಲ ಮರೆತಿದೆ ನಮ್ಮ ಅಪ್ಪನಿಗೆ’ ಎಷ್ಟೋ ಚೆನ್ನಾಗಿದೆ, ಮತ್ತು ಅದು ಬಂದದ್ದು ಮಾತ್ರೆಯ ಕಾಟದಿಂದಲೇ. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟವಿಲ್ಲ. ಆದರೂ ಪ್ರಾಸಕ್ಕಾಗಿ ಪದ ಹುಡುಕುವುದು ಈಗಲೂ ನನಗೆ ಸುಳ್ಳು ಎನಿಸುತ್ತದೆ. ಐದನೆಯ ಸಾಲಿಗೆ ಏನು ಮಾಡುತ್ತೀರಿ, ‘ಗೆಳತಿ ಜೇನಿನ ಹಿಂಡು’ ಎಂದು ಇಲ್ಲದ ಗೆಳತಿಯನ್ನು ಕರೆತರುತ್ತೀರಾ?

ಹೇಮಾವತಿ ದಂಡೆ

‘ಎಳೆಯ ಬಿಸಿಲಲಿ ಜೇನು ಬಂದಿದೆ’. 3, 4, 3, 4. ಳಕಾರ ಇದೆ. ಅವಳ ಹೆಸರೂ ಇದೆ. ನೋಡು ತಾಯಿ, ತಪ್ಪು ಹೇಳಲಿಲ್ಲ ಎಂದೆಯಲ್ಲ, ಈಗ ತೀರಿಸಿದೆ.

ಎಳೆಬಿಸಿಲು

ತೀರಿತು, ಬಡ್ಡಿಸಮೇತ.

ಅರೇಹಳ್ಳಿ ಬೆಳೆಗಾರ

ನಾನು ಪದ್ಯ ಬರೆಯುವವನಲ್ಲ. ಮಗಳು ಈ ಕೊಂಡಿ ಕಳುಹಿಸಿದಳು, ಓದುತ್ತ ಬಂದೆ. ನೀವೆಲ್ಲ ಇಷ್ಟು ಹೊತ್ತು ಒಂದೊಂದು ಮಾತ್ರೆಯನ್ನೂ ಸೋಸಿದ್ದೀರಿ. ಮೊದಲ ಸಾಲನ್ನು ಯಾರೂ ನೋಡಲಿಲ್ಲವಲ್ಲ!

‘ಮಳೆಯು ಬಂದಿತು ನಿನ್ನೆ ಸಂಜೆಗೆ’, ಸರಿ. ಮೂರನೆಯ ಸಾಲಿಗೆ ತೋಟ ಬಿಳಿಯ ಹೂ ಮುಡಿದು ನಿಂತಿದೆ. ಒಂದೇ ರಾತ್ರಿಯಲ್ಲೇ? ಕಾಫಿ ಗಿಡ ಹಾಗೆ ಹೂ ಬಿಡುವುದಿಲ್ಲ. ಮೊಗ್ಗು ಬಲಿತು ಮಳೆಗಾಗಿ ಕಾಯುತ್ತಿರುತ್ತದೆ. ಹೂಮಳೆ ಬಿದ್ದ ಮೇಲೆ ಎಂಟು ಹತ್ತು ದಿನ ಬೇಕು. ಆಮೇಲೆ ಒಂದು ಬೆಳಗ್ಗೆ ಎದ್ದು ನೋಡಿದರೆ ಇಡೀ ತೋಟ ಬೆಳ್ಳಗಾಗಿರುತ್ತದೆ, ಅದೂ ಎರಡು ಮೂರು ದಿನದ ಸೊಬಗು. ನಿನ್ನೆ ಮಳೆ ಬಂದು ಇಂದು ಹೂ ಕಂಡರೆ, ಆ ಹೂ ಹಿಂದಿನ ಮಳೆಯದು, ಮತ್ತು ನಿನ್ನೆಯ ಮಳೆ ಅದನ್ನು ಕೆಡಿಸಿರುತ್ತದೆ. ಆಗ ಅಪ್ಪ ನಗುವುದಿಲ್ಲ.

ಜೇನಿನ ಸಾಲು ಒಳ್ಳೆಯದು. ರೊಬಸ್ಟಾ ಆಗಿದ್ದರೆ ಇನ್ನೂ ಒಳ್ಳೆಯದು, ಅದಕ್ಕೆ ಬೇರೆ ಗಿಡದ ಪರಾಗ ಬೇಕು. ಅರೇಬಿಕಾ ತನ್ನದರಲ್ಲೇ ಕಾಯಿ ಕಟ್ಟಿಕೊಳ್ಳುತ್ತದೆ.

ಗುರುಲಘು

ಮಾತು ನಿಂತಿತು ನನ್ನದು.

ಗಮಕಪ್ರಿಯೆ

ಮೊರ ನಿಲ್ಲಿಸಿದ್ದು ಇವರು!

ಮುಕ್ತಛಂದ

ಹಹ್ಹಾ. ಹದಿನೆಂಟು ಕಿವಿ ಎಂದರು, ಎರಡು ಕಣ್ಣು ಸಾಕಿತ್ತು.

ಎಳೆಬಿಸಿಲು

ನಾನು ಪ್ಲಾಂಟರ್ ಮಗಳು. ಇದು ನನಗೆ ಗೊತ್ತಿರಬೇಕಿತ್ತು, ಗೊತ್ತಿದೆ ಕೂಡ. ಹತ್ತು ವರ್ಷದಿಂದ ಪಟ್ಟಣದಲ್ಲಿದ್ದೇನೆ, ಹೂ ಬಿಟ್ಟ ಮೇಲೆ ಫೋಟೋ ಬರುತ್ತದೆ, ಮಳೆ ಬಿದ್ದ ಸುದ್ದಿ ಫೋನಿನಲ್ಲಿ ಬರುತ್ತದೆ, ಎರಡೂ ಒಂದೇ ದಿನದ್ದೆಂದು ಮನಸ್ಸು ಸೇರಿಸಿಕೊಂಡಿತು. ಅಪ್ಪನಿಗೆ ಚೌಕಟ್ಟು ಹಾಕಿಸಿ ಕೊಟ್ಟಿದ್ದರೆ ಏನಾಗುತ್ತಿತ್ತು!

ಮೂಡಿಗೆರೆ ಮಂಜು

‘ಮಳೆಯು ಬಂದಿತು ಹೋದ ವಾರದಿ’. ಎಣಿಸಿದೆ, ಸರಿ ಬಂತು. ನನ್ನ ಮೊದಲ ಭಾಮಿನಿ ಸಾಲು, ಅದೂ ಬೇರೆಯವರ ಪದ್ಯದಲ್ಲಿ.

ಅರೇಹಳ್ಳಿ ಬೆಳೆಗಾರ

ಇನ್ನೊಂದು ಮಾತು, ಬೇಸರ ಪಡಬೇಡಿ. ಹೂವಿನ ಹೊತ್ತಿಗೆ ಸಾಲ ಮರೆತ ಬೆಳೆಗಾರನನ್ನು ನಾನು ಕಂಡಿಲ್ಲ. ಹೂ ಬಂದ ಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ ಬರಬೇಕು. ಬರದಿದ್ದರೆ ಕಾಯಿ ನಿಲ್ಲುವುದಿಲ್ಲ, ಹೂ ಕಂಡದ್ದಷ್ಟೇ ಲಾಭ. ನಮ್ಮ ಮನೆಯಲ್ಲಿ ಹೂ ನೋಡಲು ಬಂದ ನೆಂಟರು ಫೋಟೋ ತೆಗೆಯುತ್ತಿರುತ್ತಾರೆ, ನಾನು ಪಡುವಣ ದಿಕ್ಕು ನೋಡುತ್ತಿರುತ್ತೇನೆ.

ಸುಮ್ಮನೆ ಓದುವವಳು

ಇವರು ಪದ್ಯ ಬರೆಯುವವರಲ್ಲವಂತೆ.

ನಿವೃತ್ತ ಮೇಷ್ಟರು

ನಿಮ್ಮ ಕೂಟಕ್ಕೆ ಒಂದು ಸಲಹೆ. ಬರೆದವರು ಓದುವುದನ್ನು ನಿಲ್ಲಿಸಿ. ಬರೆದವರ ಧ್ವನಿ ಕುಂಟನ್ನು ಮುಚ್ಚಿಬಿಡುತ್ತದೆ, ಎಲ್ಲಿ ಎಳೆಯಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ. ಕಾಗದ ಪಕ್ಕದವರಿಗೆ ಕೊಡಿ, ಅವರು ಹಾಡಲಿ. ಉಳಿದವರು ತಾಳ ಹಾಕಲಿ. ಕೈ ತಪ್ಪಿದ ಕಡೆ ಯಾರೂ ಏನನ್ನೂ ಹೇಳಬೇಕಾಗಿಲ್ಲ, ಒಂಬತ್ತು ಕೈ ಒಟ್ಟಿಗೆ ತಪ್ಪುತ್ತವೆ. ಆಗ ನೋವೂ ಒಬ್ಬರದಲ್ಲ.

ಹೇಮಾವತಿ ದಂಡೆ

ಇದು ನನ್ನಂಥವಳಿಗೂ ಆಗುತ್ತದೆ. ಬರುವ ಭಾನುವಾರ ನನ್ನ ಕಂದವನ್ನು ಬೇರೆಯವರ ಕೈಗೆ ಕೊಡುತ್ತೇನೆ. ನಗುವವರು ಕೋಡುಬಳೆ ತಿನ್ನದೆ ಹೋಗಬೇಕು.

ಮುಕ್ತಛಂದ

ಹೊರಗಿನವರು ಬರಬಹುದೇ? ಬರೆಯುವುದಿಲ್ಲ, ತಾಳ ಹಾಕುತ್ತೇನೆ.

ಹೇಮಾವತಿ ದಂಡೆ

ಬನ್ನಿ. ಕೋಡುಬಳೆ ನೀವೇ ತನ್ನಿ.

ಎಳೆಬಿಸಿಲು

ರಾತ್ರಿ ಅಪ್ಪನಿಗೆ ಕರೆ ಮಾಡಿದೆ. ಅಪ್ಪ, ಹೂ ಬಂದಾಗ ನಿಮಗೆ ಸಾಲ ಮರೆಯುತ್ತದೆಯೇ ಎಂದು ಕೇಳಿದೆ. ‘ಯಾರು ಹೇಳಿದರು?’ ಎಂದರು. ಆಮೇಲೆ ಕುಳಿತು ಕೊನೆಯ ಸಾಲನ್ನು ಹೊಡೆದುಹಾಕಿದೆ. ಈಗ ಹೀಗಿದೆ:

ಮಳೆಯು ಬಂದಿತು ಹೋದ ವಾರದಿ
ಇಳೆಯ ಧೂಳಿನ ಮುಖವ ತೊಳೆಯಿತು
ಬಿಳಿಯ ಹೂಗಳ ಮುಡಿದು ನಿಂತಿತು ಕಾಫಿ ತೋಟದ ಮೈ
ಸುಳಿವ ಗಾಳಿಯ ತುಂಬ ಕಂಪಿದೆ
ಎಳೆಯ ಬಿಸಿಲಲಿ ಜೇನು ಬಂದಿದೆ
ಮಳೆಯನಿನ್ನೊಂದನ್ನು ಬೇಡುತಲಪ್ಪ ಕಾದಿರುವ

ಗುರುಲಘು

102. ‘ಮಳೆ’ ಎರಡು ಸಲ ಬಂದಿದೆ ಎಂದು ಹೇಳಲು ಹೊರಟೆ. ಎರಡು ಮಳೆಯೂ ಬೇಕಲ್ಲ. ಇರಲಿ.

ಗಮಕಪ್ರಿಯೆ

‘ಕಾದಿರುವ’ ಎಂಬಲ್ಲಿ ‘ವ’ ತಾನಾಗಿ ಎಳೆಯಿತು.

ಕಡೂರು ಎಕ್ಸ್‌ಪ್ರೆಸ್

ಇಲ್ಲಿ ಬಯಲುಸೀಮೆ, ಕಾಫಿ ಇಲ್ಲ. ತೆಂಗಿನ ಮೇಲೆ ವಾರ್ಧಕ ಬರೆದು ತರುತ್ತೇನೆ. ಕಡೂರನ್ನು ಸೇರಿಸಿಯೇ.

ಅರೇಹಳ್ಳಿ ಬೆಳೆಗಾರ

ನಮ್ಮಲ್ಲಿ ಹೂ ಉದುರಿ ಹನ್ನೆರಡು ದಿನ ಆಯಿತು, ಇನ್ನೂ ಬಂದಿಲ್ಲ. ನಿಮ್ಮ ತಂದೆಯ ಕಡೆ ಹೇಗಿದೆ?